ಪೆನ್ ಡ್ರೈವ್ ಹೊತ್ತು ಹರಿಹರಕ್ಕೆ

ಈ ಸಲದ ಆಯುಧ ಪೂಜೆಯ ಬೆಳಿಗ್ಗೆ ದಾವಣಗೆರೆಯ ನಮ್ಮ ಅಂಗಡಿಯಲ್ಲಿ ಮೂವರಿದ್ದೆವು. ಬಾಗಿಲಿಗೆ ಚೆಂಡುಹೂವಿನ ಸರ ಕಟ್ಟುತ್ತಿದ್ದ ನನ್ನ ಹೆಂಡತಿ, ಹಿತ್ತಾಳೆ ಬಟ್ಟಲಿನಲ್ಲಿ ವಿಭೂತಿ ಕಲಸುತ್ತಿದ್ದ ನಾನು, ಮತ್ತು ಹರಿಹರದಿಂದ ಮೊದಲ ಬಸ್ಸಿಗೇ ಬಂದು ಪೈಪಿನ ಕಟ್ಟಿನ ಮೇಲೆ ಕೂತು, ತಪಾಸಣೆಗೆ ಬಂದ ಸಾಹೇಬರ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದ ನಮ್ಮ ಭಾವ.

"ಬರೀ ನೀರು ಹಾಕೀಯೋ, ಮತ್ತೇನರ ಕೂಡ್ಸೀಯೋ?" ಎಂದರು ಭಾವ.

"ಬರೀ ನೀರು ರೀ."

"ಬಟ್ಲ ಇತ್ಲಾಗ ತಾ. ಮೂಸಿ ನೋಡ್ತೀನಿ."

ಕೊಟ್ಟೆ. ಮೂಸಿದರು. ಬೆರಳಿಂದ ಸ್ವಲ್ಪ ತೆಗೆದು ಉಜ್ಜಿ ನೋಡಿದರು. ಹೆಂಡತಿ ಹೂವಿನ ಸರದ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು. "ಪಾಸ್" ಎಂದು ಭಾವ ಬಟ್ಟಲನ್ನು ವಾಪಸು ಕೊಟ್ಟರು. ಐವತ್ತು ವರ್ಷಕ್ಕೆ ಹತ್ತಿರವಿರುವ ಒಬ್ಬ ವ್ಯಾಪಾರಸ್ಥ ತನ್ನದೇ ಅಂಗಡಿಯಲ್ಲಿ, ತನ್ನದೇ ಹಬ್ಬದ ದಿನ, ವಿಭೂತಿ ಕಲಸಲು ಪರೀಕ್ಷೆ ಪಾಸಾಗಬೇಕಾಗಿ ಬಂದದ್ದು ಹೇಗೆ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುವವನೇ ನಾನು. ಕೂತುಕೊಳ್ಳಿ.

ಒದ್ದೆ ವಿಭೂತಿಯ ವಾಸನೆ ನಿಮಗೂ ಗೊತ್ತಿರುತ್ತದೆ. ಸುಟ್ಟ ಮಣ್ಣಿಗೆ ನೀರು ಬಿದ್ದಂಥ, ತಣ್ಣನೆಯ, ಸ್ವಲ್ಪ ಸುಣ್ಣದ ಕಡೆಗೆ ವಾಲುವ ವಾಸನೆ. ಮೂರು ವರ್ಷದ ಹಿಂದಿನ ತನಕ ಅದು ಮೂಗಿಗೆ ಬಂದರೆ ನನಗೆ ನಮ್ಮಜ್ಜನ ಹಣೆ ನೆನಪಾಗುತ್ತಿತ್ತು. ಈಗ ಲ್ಯಾಪ್‌ಟಾಪಿನ ವೈಫೈ ನೆನಪಾಗುತ್ತದೆ. ಅಜ್ಜ ಇದ್ದಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದನೇನೋ.

ನನ್ನದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಮೋಟಾರು, ಸ್ಟಾರ್ಟರು, ಕೇಬಲ್ಲು, ಪೈಪು, ಫ್ಯೂಸು, ಸ್ವಿಚ್ಚು. ಸುತ್ತಿನ ಹಳ್ಳಿಗಳಿಂದ ರೈತರು ಬರುತ್ತಾರೆ. ಸಾರಥಿ ಎಂಬ ಹಳ್ಳಿಯಿಂದ ಒಬ್ಬ ಯಜಮಾನರು ಬಂದು, "ಮೋಟ್ರು ಹತ್ತವಲ್ದು ನೋಡ್ರಿ, ಸುಟ್ಟೇ ಹೋಗಿರಬೇಕು, ಹೊಸಾದು ತೋರಿಸ್ರಿ" ಎಂದರೆ, ನಾನು ಹೊಸದನ್ನು ತೋರಿಸುವುದಿಲ್ಲ. ಮೊದಲು ಕೇಳುತ್ತೇನೆ: "ಮೇನ್ ಸ್ವಿಚ್ ನೋಡಿದ್ರೇನು? ಫ್ಯೂಸ್ ನೋಡಿದ್ರೇನು?" ಅರ್ಧ ಜನ ಅಲ್ಲಿಂದಲೇ ವಾಪಸು ಹೋಗುತ್ತಾರೆ. ಹೀಗೆ ಗಿರಾಕಿಗಳನ್ನು ಬಾಗಿಲಿಂದಲೇ ಓಡಿಸುವ ಅಂಗಡಿ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ನಾನು ಅದನ್ನು ಪ್ರಾಮಾಣಿಕತೆ ಎನ್ನುತ್ತೇನೆ. ಯಾವುದೇ ಆಗಲಿ, ಈ ಒಂದು ಮಾತನ್ನು ನೆನಪಿನಲ್ಲಿ ಇಟ್ಟುಕೊಂಡಿರಿ: ದಿನಕ್ಕೆ ಹತ್ತು ಸಲ 'ಸ್ವಿಚ್ ನೋಡಿದ್ರೇನು' ಎಂದು ಲೋಕವನ್ನು ಕೇಳುವ ಮನುಷ್ಯ ನಾನು.

ಈ ಮನುಷ್ಯನಿಗೆ ಮೂರು ವರ್ಷದ ಹಿಂದೆ ಜ್ಞಾನೋದಯವಾಯಿತು. ಅಂಗಡಿಯ ಲೆಕ್ಕದ ಕಂಪ್ಯೂಟರು ತೀರಾ ನಿಧಾನವಾಗಿ, ಪರಿಚಯದ ಮೇಷ್ಟ್ರೊಬ್ಬರು ಬಂದು, ಅದನ್ನು ನಡೆಸುವ ಹಳೆಯ ತಂತ್ರಾಂಶ ತೆಗೆದು ಲಿನಕ್ಸ್ ಹಾಕಿಕೊಟ್ಟರು. ಅದು ಎದ್ದು ಓಡಿತು. ಪುಕ್ಕಟೆ, ಮೇಲಾಗಿ ಸ್ವತಂತ್ರ, ಯಾವ ಕಂಪನಿಯ ಹಂಗೂ ಇಲ್ಲ ಎಂದು ಮೇಷ್ಟ್ರು ಹೇಳಿದರು. ಅವರು ಹೇಳಿ ಹೋದರು, ನಾನು ಹಿಡಿದುಕೊಂಡೆ. ಹೊಸದಾಗಿ ದೀಕ್ಷೆ ತಗೊಂಡವರ ಉಪದೇಶ ನಿಮಗೆ ಗೊತ್ತಲ್ಲ. ಫ್ಯೂಸ್ ಕೊಳ್ಳಲು ಬಂದವರಿಗೂ ನಾನು ಸ್ವತಂತ್ರ ತಂತ್ರಾಂಶದ ಮಹಿಮೆ ಹೇಳತೊಡಗಿದೆ. ಪಾಪ, ಅವರು ಚಿಲ್ಲರೆಗಾಗಿ ಕಾಯುತ್ತ ಕೇಳಿಸಿಕೊಳ್ಳುತ್ತಿದ್ದರು. ಕರಿ ಪರದೆಯ ಮೇಲೆ ನಾಲ್ಕು ಆಜ್ಞೆ ಹೊಡೆಯುವುದನ್ನು ಕಲಿತೆ. ನಾಲ್ಕೇ. ಆದರೆ ಹೊಡೆಯುವಾಗ ಮುಖವನ್ನು ಬಹಳ ಗಂಭೀರವಾಗಿ ಇಟ್ಟುಕೊಳ್ಳುತ್ತಿದ್ದುದರಿಂದ ನೋಡುವವರಿಗೆ ನಲವತ್ತು ಬಂದಂತೆ ಕಾಣುತ್ತಿತ್ತು.

ಹರಿಹರದಲ್ಲಿ ನಮ್ಮ ಗಿರಿಜಕ್ಕ ಇದ್ದಾಳೆ. ನನಗಿಂತ ಮೂರು ವರ್ಷ ದೊಡ್ಡವಳು. ಭಾವ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದಾರೆ. ಅಕ್ಕನ ಬಗ್ಗೆ ಒಂದು ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮದುವೆಗೆ ಮುಂಚೆ ಬಿ.ಎ. ಪಾಸು ಮಾಡಿ ಅವಳಿಗೆ ಒಂದು ಖಾಸಗಿ ಶಾಲೆಯಿಂದ ಟೀಚರ್ ಕೆಲಸಕ್ಕೆ ಆರ್ಡರ್ ಬಂದಿತ್ತು. ನಮ್ಮ ಮನೆ ಹೆಣ್ಣುಮಕ್ಕಳು ನೌಕರಿಗೆ ಹೋಗುವುದಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಬೇಡ ಎಂದು ಒಂದು ಪತ್ರ ಬರೆಯಬೇಕಲ್ಲ. ಮನೆಯಲ್ಲಿ ಎಲ್ಲರಿಗಿಂತ ನನ್ನ ಅಕ್ಷರ ಚೆನ್ನಾಗಿತ್ತು. ನಾನೇ ಬರೆದೆ. ಬಹಳ ದುಂಡಗೆ ಬರೆದೆ. ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಆ ಸದ್ದು ನಡುವೆ ಒಂದು ಸಲ ನಿಂತು ಮತ್ತೆ ಶುರುವಾಯಿತು. ಅಷ್ಟೇ. ಆ ಬಗ್ಗೆ ಅವಳು ನನ್ನ ಹತ್ತಿರ ಯಾವತ್ತೂ ಮಾತಾಡಿಲ್ಲ. ಆರ್ಡರ್ ಕಾಗದ ಮಾತ್ರ ಅವಳ ಟ್ರಂಕಿನಲ್ಲಿ ಸೀರೆಗಳ ಅಡಿಗೆ ಇರುವುದನ್ನು ನಾನು ನೋಡಿದ್ದೇನೆ.

ಆ ವರ್ಷ, ಐವತ್ತರ ವಯಸ್ಸಿನಲ್ಲಿ, ಅಕ್ಕ ಯಾರಿಗೂ ಹೇಳದೆ ಒಂದು ಅರ್ಜಿ ಹಾಕಿದ್ದಳು. ಕಡರನಾಯಕನಹಳ್ಳಿ ದಾರಿಯಲ್ಲಿ ಹೆಣ್ಣುಮಕ್ಕಳ ಒಂದು ವಸತಿ ಶಾಲೆ. ಅದರ ಹಾಸ್ಟೆಲಿಗೆ ವಾರ್ಡನ್ ಬೇಕಿತ್ತು. ಶಾಲೆಯ ಆಡಳಿತದವರು ಬೇರೆ ಬೇರೆ ಊರಲ್ಲಿರುವುದರಿಂದ ಇಂಟರ್‌ವ್ಯೂ ವಿಡಿಯೋದಲ್ಲಿ. ದಸರಾ ಮುಗಿದು ಎರಡು ವಾರಕ್ಕೆ, ಸೋಮವಾರ ಹನ್ನೊಂದು ಗಂಟೆಗೆ. ಮೊಬೈಲಿನಲ್ಲಿ ಆಗುವುದಿಲ್ಲ, ಲ್ಯಾಪ್‌ಟಾಪೇ ಬೇಕು, ಹಾಜರಿ ಪಟ್ಟಿಯನ್ನು ಅವರ ಕಣ್ಣೆದುರೇ ತುಂಬಿ ತೋರಿಸಬೇಕು ಎಂದು ಬರೆದಿದ್ದರು.

"ನಿನ್ ಹಳೇ ಲ್ಯಾಪ್‌ಟಾಪ್ ಐತಲ್ಲ ತಮ್ಮ, ಅದನ್ನ ಕೊಡ್ತೀಯೇನು?" ಎಂದು ಅಕ್ಕ ಫೋನು ಮಾಡಿದಾಗ ನನ್ನೊಳಗಿನ ಧರ್ಮಪ್ರಚಾರಕ ಎದ್ದು ಕೂತ. ಕೊಡುತ್ತೇನೆ, ಬರೀ ಕೊಡುವುದಲ್ಲ, ಲಿನಕ್ಸ್ ಹಾಕಿ ಕೊಡುತ್ತೇನೆ ಎಂದೆ. ಅವಳು ಅದನ್ನು ಕೇಳಿರಲಿಲ್ಲ. ಕೇಳದವರಿಗೆ ಕೊಡುವುದರಲ್ಲೇ ದಾನಿಯ ದೊಡ್ಡಸ್ತಿಕೆ ಇರುವುದು.

ಆಯುಧ ಪೂಜೆಯ ಹಿಂದಿನ ದಿನ ಅಂಗಡಿಯಲ್ಲೇ ಕೂತು ಹಾಕಿದೆ. ಬೆಣ್ಣೆಯಂತೆ ಕೂತಿತು. ಅಂಗಡಿಯ ವೈಫೈ ತಾನಾಗಿಯೇ ಹಿಡಿಯಿತು. ಮಾರನೆಯ ದಿನ ಪೂಜೆ. ಇಲ್ಲಿ ನನ್ನ ಇನ್ನೊಂದು ಆವಿಷ್ಕಾರದ ಬಗ್ಗೆ ಹೇಳಬೇಕು. ಹಿಂದಿನ ವರ್ಷ ಷಟರಿಗೆ, ತಕ್ಕಡಿಗೆ ಎಳೆದ ವಿಭೂತಿಯೆಲ್ಲ ಸಾಯಂಕಾಲದ ಹೊತ್ತಿಗೆ ಒಣಗಿ ಉದುರಿಹೋಗಿತ್ತು. ಪೂಜೆ ಮಾಡಿದ್ದು ಒಂದು ವಾರವಾದರೂ ಕಾಣಬೇಡವೇ? ಆ ಸಲ ವಿಭೂತಿಗೆ ನೀರಿನ ಜೊತೆ, ಬೋರ್ಡಿಗೆ ಕಾಗದ ಹಚ್ಚಲು ಕಾಯಿಸಿಟ್ಟಿದ್ದ ಮೈದಾ ಅಂಟನ್ನೂ ಎರಡು ಚಮಚ ಕೂಡಿಸಿದೆ. ಅದ್ಭುತವಾಗಿ ಹಿಡಿಯಿತು. ತಕ್ಕಡಿ, ಪಾನಾ, ಸ್ಟಾರ್ಟರು, ಸ್ಕೂಟರು, ಕೊನೆಗೆ ಲ್ಯಾಪ್‌ಟಾಪು, ಯಾವುದನ್ನೂ ಬಿಡಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳಕ್ಕೆ ಮೂರು ಬೆರಳು ಎಳೆದು, ಕೈಯಲ್ಲಿ ಉಳಿದದ್ದನ್ನು ಅದರ ಮುಂದಿನ ಅಂಚಿಗೂ ಎಡದಿಂದ ಬಲಕ್ಕೆ ಗಟ್ಟಿಯಾಗಿ ಒಂದು ಎಳೆದೆ. ಅಕ್ಕನ ಕೆಲಸಕ್ಕೆ ಹೋಗುವ ಸಾಮಾನು, ಒಂದು ಗೆರೆ ಹೆಚ್ಚೇ ಇರಲಿ ಎಂದು.

ಪೂಜೆಯ ಮಾರನೆಯ ದಿನ ಸಾಯಂಕಾಲ ಹರಿಹರಕ್ಕೆ ಹೋಗಿ, ಅಕ್ಕನಿಗೆ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕಾಲು ಮುಟ್ಟಿ, ಲ್ಯಾಪ್‌ಟಾಪ್ ಕೈಗಿಟ್ಟೆ. ಅಕ್ಕ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ತೆರೆದೆವು. ಎಲ್ಲ ಬಂತು, ವೈಫೈ ಬರಲಿಲ್ಲ.

ಭಾವ ಕೂತಲ್ಲಿಂದಲೇ ಕೇಳಿದರು: "ಸ್ವಿಚ್ ಹಾಕೀಯೇನು ನೋಡು."

ನಾನು ನಕ್ಕೆ. ಆ ನಗೆ ಈಗಲೂ ನನಗೆ ಕೇಳಿಸುತ್ತದೆ. ತಿಳಿದವರು ತಿಳಿಯದವರ ಮೇಲೆ ಮಾಡುವ ದಯೆ ತುಂಬಿದ ನಗೆ. "ಭಾವಾರೆ, ಇದು ಮೋಟ್ರ್ ಅಲ್ರಿ. ಇದಕ್ಕ ಡ್ರೈವರ್ ಅಂತ ಒಂದು ಸಾಫ್ಟ್‌ವೇರ್ ಇರ್ತೈತೆ."

"ಡ್ರೈವರ್ ಇಲ್ದಽ ಬಂದೈತೇನು ದಾವಣಗೆರೆಯಿಂದ?" ಎಂದು ಭಾವ ಪೇಪರು ಬಿಡಿಸಿಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ. ಹೆಂಡತಿಯ ತವರಿನವರ ಎದುರಿಗೆ ಒಂದೇ ಸಲ ಹೇಳಿ ಸುಮ್ಮನಾಗುವ ಸಂಪ್ರದಾಯ ಅವರದು.

ನನ್ನ ತರ್ಕ ನೋಡಿ, ಎಷ್ಟು ಗಟ್ಟಿ. ದಾವಣಗೆರೆಯಲ್ಲಿ ಚೆನ್ನಾಗಿತ್ತು, ಹರಿಹರದಲ್ಲಿ ಕೆಟ್ಟಿತು. ಆದ್ದರಿಂದ ದೋಷ ಹರಿಹರದ್ದು. ಮೊದಲು ಅಕ್ಕನ ಮನೆಯ ವೈಫೈ ಡಬ್ಬಿಯನ್ನು ಬೈದೆ. ಅದರಲ್ಲಿ ಅವರಿಬ್ಬರ ಮೊಬೈಲೂ ಚೆನ್ನಾಗಿ ನಡೆಯುತ್ತಿದ್ದವು. ಆಮೇಲೆ ಗೋಡೆ ದಪ್ಪ ಎಂದೆ. ಲ್ಯಾಪ್‌ಟಾಪನ್ನು ಡಬ್ಬಿಯ ಪಕ್ಕದಲ್ಲೇ ಇಟ್ಟರೂ ಬರದಿದ್ದಾಗ, ಬಸ್ಸಿನಲ್ಲಿ ಕುಲುಕಾಡಿದ್ದಕ್ಕೆ ಒಳಗಿನ ಕಾರ್ಡು ಸಡಿಲವಾಗಿರಬೇಕು, ಈ ರಸ್ತೆ ಮಾಡಿದವರನ್ನು ಹಿಡಿದು ಕೇಳಬೇಕು ಎಂದೆ. ಕೇಬಲ್ಲು ಹಾಕೋಣವೆಂದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ಚುಚ್ಚುವ ತೂತು ಮುರಿದು ಎಷ್ಟೋ ವರ್ಷವಾಗಿತ್ತು. ಮೊಬೈಲಿನ ನೆಟ್ಟು ಮಾಳಿಗೆಯ ಮೇಲೆ ಮಾತ್ರ, ಅದೂ ಗಾಳಿ ಬಂದಂತೆ ಬಂದು ಹೋಗುವಂಥದು.

ಕರಿ ಪರದೆ ತೆರೆದು ನಾಲ್ಕರಲ್ಲಿ ಒಂದು ಆಜ್ಞೆ ಹೊಡೆದೆ. ಎರಡು ಸಾಲು ಬಂದವು. 'ಸಾಫ್ಟ್ ಬ್ಲಾಕ್ಡ್: ನೋ.' 'ಹಾರ್ಡ್ ಬ್ಲಾಕ್ಡ್: ಯೆಸ್.' ಅಂದರೆ, ತಂತ್ರಾಂಶದ ಕಡೆಯಿಂದ ಯಾವ ಅಡ್ಡಿಯೂ ಇಲ್ಲ ಮಾರಾಯ, ಯಾರೋ ಕೈಯಿಂದ ಗುಂಡಿ ಒತ್ತಿ ಬಂದ್ ಮಾಡಿದ್ದಾರೆ, ಹೋಗಿ ನೋಡು ಎಂದು ಆ ಯಂತ್ರ ಮೊದಲ ದಿನವೇ, ಮೊದಲ ಐದು ನಿಮಿಷದಲ್ಲೇ ನನಗೆ ಹೇಳಿತ್ತು. ಇದಕ್ಕಿಂತ ಸ್ಪಷ್ಟವಾಗಿ ಯಂತ್ರ ಇನ್ನು ಹೇಗೆ ಹೇಳಬೇಕು? ನಾನು ಆ ಎರಡು ಸಾಲನ್ನು ನೋಟ್ ಪುಸ್ತಕದಲ್ಲಿ ದುಂಡಗೆ ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ, ಡ್ರೈವರ್ ಹುಡುಕಲು ಹೊರಟೆ. ನಾನು ಅದಾಗಲೇ ಡ್ರೈವರ್ ಎಂದು ಭಾವನ ಎದುರು ಹೇಳಿಯಾಗಿತ್ತಲ್ಲ.

ಅಲ್ಲಿಂದ ಶುರುವಾಯಿತು ನನ್ನ ಯಾತ್ರೆ. ನೆಟ್ಟು ಬರಬೇಕಾದರೆ ಡ್ರೈವರ್ ಬೇಕು. ಡ್ರೈವರ್ ಬೇಕಾದರೆ ನೆಟ್ಟು ಬೇಕು. ಮೊಬೈಲಿನಲ್ಲಿ ಫೈಲು ಇಳಿಸುವುದು ನನಗೆ ಬಾರದು, ನೆಟ್ಟು ಇರುವ ಕಂಪ್ಯೂಟರು ದಾವಣಗೆರೆಯ ಅಂಗಡಿಯಲ್ಲಿ. ಸರಿ, ಪೆನ್ ಡ್ರೈವ್ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದೆ. ಲ್ಯಾಪ್‌ಟಾಪನ್ನೇ ಅಂಗಡಿಗೆ ತರಬಹುದಿತ್ತು ಎಂದು ನೀವು ಹೇಳುತ್ತೀರಿ. ಹೆಂಡತಿಯೂ ಹೇಳಿದಳು. ಅಕ್ಕ ಅದರಲ್ಲಿ ಹಾಜರಿ ಪಟ್ಟಿ ತುಂಬುವುದನ್ನು ದಿನವಿಡೀ ಅಭ್ಯಾಸ ಮಾಡುತ್ತಿದ್ದಳು. ಅವಳ ಕೈಯಿಂದ ಕಿತ್ತು ತರಲು ಮನಸ್ಸಾಗಲಿಲ್ಲ. ಅಲ್ಲದೆ ದೋಷ ಹರಿಹರದ್ದು ಎಂದ ಮೇಲೆ ರಿಪೇರಿಯೂ ಹರಿಹರದಲ್ಲೇ ಆಗಬೇಕು.

ಮೊದಲ ಸಲ ಒಂದು ಫೈಲು ಇಳಿಸಿ ಒಯ್ದೆ. ಅದು ಕೂರಲಿಲ್ಲ, ನನ್ನ ಜೊತೆ ಇನ್ನೊಂದು ಬೇಕು ಎಂದಿತು. ವಾಪಸು ಬಂದು ಆ ಇನ್ನೊಂದನ್ನು ಒಯ್ದೆ. ಆ ಇನ್ನೊಂದಕ್ಕೆ ಮತ್ತೆರಡು ಬೇಕಂತೆ. ಮದುವೆಗೆ ಒಬ್ಬರನ್ನು ಕರೆದರೆ ಅವರ ಬೀಗರನ್ನೂ ಕರೆಯಬೇಕು, ಬೀಗರ ಬೀಗರನ್ನೂ ಕರೆಯಬೇಕು ಎಂಬಂಥ ಮರ್ಯಾದಸ್ಥ ಫೈಲುಗಳು. ದಾರಿಯಲ್ಲಿ ಸಿಗುವ ಬಾತಿ ಕೆರೆಯನ್ನು ಆ ಎರಡು ವಾರದಲ್ಲಿ ನಾನು ಬೆಳಗಿನ ಬಿಸಿಲಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ, ಮುಳುಗುವ ಬಿಸಿಲಲ್ಲಿ ನೋಡಿದೆ. ಯಾವ ಹೊತ್ತಿನಲ್ಲೂ ಅದು ನನಗೆ ಬುದ್ಧಿ ಹೇಳಲಿಲ್ಲ. ನಾಲ್ಕನೆಯ ಸಲ ಕಂಡಕ್ಟರ್ ಟಿಕೆಟ್ ಹರಿಯುತ್ತ, "ಏನ್ರಿ ಸಾಹುಕಾರ್ರೆ, ಹರಿಹರದ ಕೋರ್ಟಿನಾಗ ಕೇಸ್ ಐತೇನು?" ಎಂದು ಕೇಳಿದ. ಹೌದು ಎಂದೆ. "ಆಸ್ತೀದಾ?" ಎಂದ. "ಮರ್ಯಾದೀದು" ಎಂದೆ. "ಹಂಗಾರೆ ಲಗೂನ ಮುಗಿಯಂಗಿಲ್ಲ ಬಿಡ್ರಿ" ಎಂದು ಮುಂದೆ ಹೋದ.

ಈ ನಡುವೆ ಅಂಗಡಿಯಲ್ಲಿ ಕೂತು, ಲಿನಕ್ಸಿನವರು ಒಬ್ಬರಿಗೊಬ್ಬರು ಸಹಾಯ ಮಾಡುವ ಒಂದು ವೇದಿಕೆಯಲ್ಲಿ ನನ್ನ ಗೋಳನ್ನು ಬರೆದುಕೊಂಡಿದ್ದೆ. ಲೋಕದ ಎಲ್ಲ ಮೂಲೆಗಳಿಂದ ಪುಣ್ಯಾತ್ಮರು ಬಂದರು. ಇದೇ ಪ್ರಶ್ನೆಗೆ ಹಿಂದೆ ಉತ್ತರ ಕೊಟ್ಟಾಗಿದೆ, ಕೇಳುವ ಮುಂಚೆ ಹುಡುಕುವ ಅಭ್ಯಾಸ ಇಟ್ಟುಕೊಳ್ಳಿ ಎಂದ ಒಬ್ಬ. ನನ್ನದರಲ್ಲಿ ಚೆನ್ನಾಗಿಯೇ ನಡೆಯುತ್ತದೆ ಎಂದು ಬರೆದು ಸಂತೋಷ ಹಂಚಿಕೊಂಡ ಇನ್ನೊಬ್ಬ. ನೀವು ಹಾಕಿಕೊಂಡ ಲಿನಕ್ಸೇ ಸರಿಯಿಲ್ಲ, ನಮ್ಮದಕ್ಕೆ ಬನ್ನಿ ಎಂದು ಮಠ ಬದಲಿಸಲು ಕರೆದ ಮತ್ತೊಬ್ಬ. ಎಲ್ಲರ ಕೊನೆಗೆ ಯಾರೋ ಒಬ್ಬಾತ ಬಹಳ ವಿನಯದಿಂದ ಕೇಳಿದ: ಅಂಥ ಹಳೆಯ ಲ್ಯಾಪ್‌ಟಾಪುಗಳಲ್ಲಿ ವೈಫೈಗೆಂದೇ ಹೊರಗಡೆ ಒಂದು ಸಣ್ಣ ಗುಂಡಿ ಇರುವುದುಂಟು, ಅದನ್ನೊಮ್ಮೆ ನೋಡಿದಿರಾ?

ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸ್ವಿಚ್ಚು ಮಾರಿಯೇ ಅನ್ನ ಉಣ್ಣುವವನು ನಾನು, ಇಪ್ಪತ್ತು ವರ್ಷದಿಂದ ಇದೇ ಧಂದೆ, ಆ ಲ್ಯಾಪ್‌ಟಾಪನ್ನು ಏಳು ವರ್ಷ ಬಳಸಿದ್ದೇನೆ, ಅದರಲ್ಲಿ ಅಂಥ ಗುಂಡಿ ಇಲ್ಲ ಎಂದು ಬರೆದೆ. ಆತ ಕ್ಷಮೆ ಕೇಳಿ ಹೊರಟುಹೋದ. ಆತನ ಹೆಸರು, ಊರು ಯಾವುದೂ ಗೊತ್ತಿಲ್ಲ. ಎಲ್ಲೇ ಇರಲಿ, ತಣ್ಣಗಿರಲಿ.

ಇಂಟರ್‌ವ್ಯೂಗೆ ಎರಡು ದಿನ ಉಳಿದಿರುವಾಗ, ಶನಿವಾರ, ಅಕ್ಕ ನನಗೆ ಖಾರ ಮಂಡಕ್ಕಿ ಹಾಕಿಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ತಮ್ಮ, ಬಸ್ ಸ್ಟ್ಯಾಂಡ್ ಹತ್ರ ಸೈಬರ್ ಸೆಂಟರ್ ಐತಂತೆ. ಸೋಮವಾರ ನಾನು ಅಲ್ಲೇ ಹೋಗಿ ಕೂತ್ಕಂಡು ಮಾತಾಡಿ ಬರ್ತೀನಿ ಬಿಡು. ನೀನು ಸುಮ್ನ ಓಡಾಡಬ್ಯಾಡ."

"ನಾನಿರೂವಾಗ ಸೈಬರ್ ಸೆಂಟರ್‌ನಾಗ ಕೂಡ್ತೀಯಾ? ಆ ಮಂದಿ ಗದ್ದಲದಾಗ? ಇನ್ನೊಂದೇ ಫೈಲ್ ಬೇಕು ಅಕ್ಕ. ಒಂದೇ. ನನ್ ಮ್ಯಾಲೆ ನಂಬಿಕೆ ಇಲ್ಲೇನು?"

ಅಕ್ಕ ಖಾಲಿ ಲೋಟ ಎತ್ತಿಕೊಂಡಳು. "ನಂಬಿಕೆ ಐತೆ. ಅದಕ್ಕಽ ಹೆದರಿಕೆ" ಎಂದು ನೀರು ತರಲು ಒಳಗೆ ಹೋದಳು.

ಆಗಲಾದರೂ ನಾನು, ಆಯಿತು ಅಕ್ಕ, ಸೈಬರ್ ಸೆಂಟರಿಗೇ ಹೋಗು ಎನ್ನಬಹುದಿತ್ತು. ಎನ್ನಲಿಲ್ಲ. ಭಾನುವಾರವೂ ಹೋದೆ. ಆ ಒಂದೇ ಫೈಲು ಇನ್ನೂ ಒಂದನ್ನು ಕೇಳಿತು. ರಾತ್ರಿ ಅಲ್ಲೇ ಉಳಿದು, ಸೋಮವಾರ ಬೆಳಿಗ್ಗೆ ಏಳಕ್ಕೇ ದಾವಣಗೆರೆಗೆ ಹೊರಟೆ. ಹತ್ತಕ್ಕೆ ವಾಪಸು ಬರುತ್ತೇನೆ, ಸೀರೆ ಉಟ್ಟು ತಯಾರಾಗಿರು ಎಂದೆ. ಅಕ್ಕ ಹೂಂ ಎಂದಳು.

ಫೈಲು ದೊಡ್ಡದು. ಇಳಿಯುವಷ್ಟರಲ್ಲಿ ಹತ್ತಾಯಿತು. ಬಸ್ಸು ಸಿಕ್ಕಿತು, ಬಾತಿಯ ಹತ್ತಿರ ರಸ್ತೆ ಅಗೆದಿದ್ದರು, ವಾಹನಗಳ ಸಾಲು ನಿಂತುಬಿಟ್ಟಿತು. ಹತ್ತು ಐವತ್ತು. ಅಕ್ಕನ ಫೋನಿಗೆ ಹಚ್ಚಿದೆ, ಬಂದ್ ಆಗಿತ್ತು. ಜೇಬಿನೊಳಗೆ ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತೆ. ಹನ್ನೊಂದಾಯಿತು. ಹನ್ನೊಂದು ಹತ್ತಾಯಿತು. ರೊಟ್ಟಿ ಬಡಿಯುವ ಸದ್ದು ನಡುವೆ ನಿಂತದ್ದು ನೆನಪಾಯಿತು. ಆ ಸಲ ಅಪ್ಪ ಹೇಳಿ ಬರೆಸಿದರು ಎಂದು ಹೇಳಿಕೊಳ್ಳಬಹುದಿತ್ತು. ಈ ಸಲ ಯಾರ ಹೆಸರು ಹೇಳುವುದು? ಸೈಬರ್ ಸೆಂಟರಿಗೆ ಬೇಡ ಎಂದವನು ನಾನೇ. ಇಲ್ಲಿಯ ತನಕ ನಗುತ್ತ ಬಂದ ನಿಮಗೆ ಇದನ್ನು ಹೇಳಬಾರದೇನೋ. ಆದರೆ ಆ ಅರ್ಧ ಗಂಟೆಯಲ್ಲಿ ನನಗೆ ನನ್ನ ಮೇಲೆ ಒಂದು ತಮಾಷೆಯೂ ಹೊಳೆಯಲಿಲ್ಲ.

ಹರಿಹರದಲ್ಲಿ ಇಳಿದು ಓಡುತ್ತ ಹೋದಾಗ ಹನ್ನೊಂದೂವರೆ. ಭಾವ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲು ಮುಚ್ಚಿತ್ತು. ಸೊಪ್ಪಿನ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸಿಗೆ ಅವರು ಎರಡೂ ಕೈಯೆತ್ತಿ, "ಇವತ್ತೊಂದಿನ ನಮ್ ಮನಿ ಮುಂದ ಕೂಗಬ್ಯಾಡವ್ವ" ಎಂದು ಕೇಳಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಿ ಬೆರಳನ್ನು ತುಟಿಗೆ ಹಚ್ಚಿದರು.

"ಚಪ್ಪಲಿ ಸಪ್ಪಳ ಮಾಡಬ್ಯಾಡ. ಒಳಗ ಇಂಟರ್‌ವ್ಯೂ ನಡದೈತೆ."

"ಯಾವುದರಾಗ?"

"ನಿನ್ ಲ್ಯಾಪ್‌ಟಾಪ್‌ನಾಗ."

"ವೈಫೈ?"

"ಬಂದೈತೆ."

"ಹೆಂಗ್ ಬಂತ್ರಿ?"

ಭಾವ ಉತ್ತರ ಕೊಡುವ ಬದಲು ತಮ್ಮ ಬಲಗೈ ಹೆಬ್ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. ಕಾರ್ಖಾನೆಯಲ್ಲಿ ಫಿಟ್ಟರ್ ಆದವರ ಒಂದು ಚಾಳಿ ನಿಮಗೆ ಗೊತ್ತಿರಲಿಕ್ಕಿಲ್ಲ. ಕೈಗೆ ಯಾವ ಲೋಹದ ತುಂಡು ಬಂದರೂ ಅಳತೆಗೋಲಿಗಿಂತ ಮುಂಚೆ ಅವರ ಹೆಬ್ಬೆರಳ ಉಗುರು ಅದರ ಅಂಚಿನ ಮೇಲೆ ಒಂದು ಸುತ್ತು ಹೋಗಿ ಬರುತ್ತದೆ, ಎಲ್ಲಿಯಾದರೂ ಮುಳ್ಳಿನಂತೆ ಎದ್ದಿದೆಯೋ ಎಂದು ನೋಡಲು. ಭಾವ ಮನೆಯ ಊಟದ ತಟ್ಟೆಗೂ ಹೀಗೆ ಮಾಡುತ್ತಾರೆ.

"ಹತ್ತೂವರೆ ಆತು, ನೀನು ಬರಲಿಲ್ಲ" ಎಂದರು, ದನಿ ತಗ್ಗಿಸಿ. "ನಿಮ್ಮಕ್ಕ ಸೀರೆ ಉಟ್ಕಂಡು ಸುಮ್ನ ಕೂತಿದ್ಲು. ಬಂದ್ ಮಾಡಿ ಇಡೋಣ ಅಂತ ಅದನ್ನ ಎತ್ಕಂಡೆ. ಉಗುರು ಹೋತು ನೋಡು ಅಂಚಿನ ಮ್ಯಾಲೆ. ಟಕ್ ಅಂತ ನಿಂತ್ತು. ಏನಪ್ಪಾ ಅಂತ ನೋಡಿದ್ರೆ, ಮನಿ ಗೋಡಿಗೆ ಗಿಲಾವು ಮಾಡಿದಂಗೆ ಮೆತ್ತಿಬಿಟ್ಟೈತೆ ವಿಭೂತಿ. ಕೆರೀಲಿಕ್ಕೆ ಹೋದ್ರೆ ನಿಮ್ಮಕ್ಕ ಕೈ ಹಿಡಿದ್ಲು. ಪೂಜೆ ವಿಭೂತಿ, ಉಗುರಾಗ ಕೆರೀಬಾರದು ಅಂತ."

ಅದೂ ನಿಜವೇ. ನಮ್ಮಲ್ಲಿ ಆಯುಧಕ್ಕೆ ಹಚ್ಚಿದ ವಿಭೂತಿಯನ್ನು ಯಾರೂ ಒರೆಸುವುದಿಲ್ಲ, ಅದು ತಾನಾಗಿ ಸವೆದು ಹೋಗಬೇಕು. ಎರಡು ವಾರ ಅಕ್ಕ ದಿನಾ ಲ್ಯಾಪ್‌ಟಾಪಿನ ಧೂಳು ಒರೆಸುವಾಗ ಆ ಗೆರೆಗಳನ್ನು ಬಿಟ್ಟು ಸುತ್ತಲೂ ಒರೆಸಿದ್ದಳು. ತಮ್ಮ ಹಚ್ಚಿ ಕೊಟ್ಟದ್ದು ಎಂದು.

"ಆಮ್ಯಾಲೆ?"

"ಆಮ್ಯಾಲೆ ಅಕಿನಽ ಬಟ್ಟೆ ಒದ್ದೆ ಮಾಡ್ಕಂಡು ಬಂದು, ಮೆತ್ತಗ ಮಾಡಿ, ಬೆರಳಾಗ ತಗದು ಹಣಿಗೆ ಹಚ್ಕಂಡ್ಲು. ಕೆಳಗ ಒಂದು ಗುಂಡಿ ಕಂಡ್ತು, ಹೆಸರುಕಾಳಿನಷ್ಟು. ಕರೇದರಾಗ ಕರೇದು. ಬಲಕ್ಕಿತ್ತು. ಎಡಕ್ಕ ಸರಿಸಿದೆ. ನೀಲಿ ದೀಪ ಹತ್ತಿತು." ಉಗುರು ನೋಡಿಕೊಳ್ಳುತ್ತ ಕೇಳಿದರು: "ಅಲ್ಲೋ, ವಿಭೂತಿ ಒಣಗಿದ್ರೆ ಉದುರ್ತೈತೆ. ಇದು ಕಲ್ಲಾದಂಗೆ ಆಗಿತ್ತಲ್ಲ. ಏನ್ ಹಾಕಿದ್ದೆ ಅದಕ್ಕ?"

ಹೇಳಿದೆ. ಮೈದಾ ಅಂಟು ಎಂದು.

ಭಾವ ನಗಲಿಲ್ಲ. ನಕ್ಕರೆ ಒಳಗೆ ಕೇಳಿಸುತ್ತದೆಂದು ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುಂಬಿಕೊಂಡರು. ಅವರ ಇಡೀ ಮೈ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂತು. ನಾನು ಪಕ್ಕದಲ್ಲಿ ಕೂತು ಪೆನ್ ಡ್ರೈವನ್ನು ಕಟ್ಟೆಯ ಮೇಲಿಟ್ಟೆ. ಭಾವ ಅದನ್ನು ಎತ್ತಿಕೊಂಡರು. ಹೆಬ್ಬೆರಳ ಉಗುರು ಅದರ ಅಂಚಿನ ಮೇಲೆ ಒಂದು ಸುತ್ತು ಹೋಗಿ ಬಂತು. "ಇದು ಚಲೋ ಐತೆ" ಎಂದು ವಾಪಸು ಕೊಟ್ಟರು.

ಹನ್ನೆರಡಕ್ಕೆ ಬಾಗಿಲು ತೆರೆಯಿತು. ಅಕ್ಕ ಕಂದು ಬಣ್ಣದ ಇಳಕಲ್ ಸೀರೆ ಉಟ್ಟಿದ್ದಳು. ಹಣೆಯ ಮೇಲೆ ವಿಭೂತಿ ಅಗಲವಾಗಿ, ಸ್ವಲ್ಪ ಗಂಟುಗಂಟಾಗಿ ಕೂತಿತ್ತು, ಅಂಟಿನ ಮಹಿಮೆ. ಏನು ಕೇಳಿದರು ಎಂದೆ.

"ಹಾಸ್ಟೆಲ್‌ನಾಗ ಕರೆಂಟ್ ಹೋಗಿ ಹುಡುಗ್ಯಾರು ಗದ್ಲ ಮಾಡಿದ್ರೆ ಮೊದಲು ಏನ್ ಮಾಡ್ತೀರಿ ಅಂದ್ರು. ಮೊದಲು ಸ್ವಿಚ್ ನೋಡ್ತೀನಿ ಅಂದೆ. ಯಾಕೋ ನನಗಽ ನಗು ಬಂದ್ಬಿಡ್ತು. ಅವರೂ ನಕ್ರು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಖ ಯಾಕ ಹಂಗೆ ಬಾಡೈತೆ, ಬೆಳಿಗ್ಗಿಂದ ಏನೂ ತಿಂದಿಲ್ಲೇನು? ಬಾ, ಕೈ ತೊಳಿ" ಎಂದಳು. ಅಷ್ಟೇ ಬೈದದ್ದು.

ಹತ್ತು ದಿನಕ್ಕೆ ಆರ್ಡರ್ ಬಂತು. ಒಪ್ಪಿಗೆ ಪತ್ರ ಕಳಿಸಬೇಕಿತ್ತು. ಸುದ್ದಿ ತಿಳಿದು ಮಿಠಾಯಿ ಹಿಡಿದುಕೊಂಡು ಹೋಗಿದ್ದ ನಾನು ಉತ್ಸಾಹದಿಂದ ಜೇಬಿನ ಪೆನ್ನು ತೆಗೆದು, "ನಾನು ಬರ್ಕೊಡ್ಲೇನು ಅಕ್ಕ?" ಎಂದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಬ್ಯಾಡ. ನಾನಽ ಬರೀತೀನಿ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಆರು ಸಾಲಿನ ಪತ್ರವನ್ನು ಮುಕ್ಕಾಲು ಗಂಟೆಯಲ್ಲಿ ಬರೆದು ಕಳಿಸಿದಳು. ನಾನು ಪೆನ್ನನ್ನು ಜೇಬಿಗಿಟ್ಟುಕೊಂಡು ಪಕ್ಕದಲ್ಲಿ ಕೂತು ನೋಡಿದೆ. ಎರಡು ಕಡೆ ಕಾಗುಣಿತ ತಪ್ಪಿತ್ತು. ಹೇಳಲಿಲ್ಲ.

ಈಗ ಮತ್ತೆ ಅಂಗಡಿಗೆ ಬರೋಣ. ಬಟ್ಟಲಿನ ವಿಭೂತಿ ಒಣಗುತ್ತಿದೆ. ಭಾವ ಪಾಸು ಮಾಡಿದ ಮೇಲೆ ಷಟರಿಗೆ ಹಚ್ಚಿದೆ, ತಕ್ಕಡಿಗೆ ಹಚ್ಚಿದೆ, ಸ್ಟಾರ್ಟರುಗಳಿಗೆ ಹಚ್ಚಿದೆ. ಬರೀ ನೀರಿನ ವಿಭೂತಿ, ಒಂದು ಕಡೆಯಿಂದ ಹಚ್ಚುತ್ತ ಬಂದರೆ ಇನ್ನೊಂದು ಕಡೆಯಿಂದ ಉದುರುತ್ತಿತ್ತು. ಉದುರಲಿ ಬಿಡಿ. ವಿಭೂತಿಗೆ ಉದುರುವ ಸ್ವಾತಂತ್ರ್ಯವೂ ಇರಬೇಕು ಎಂಬುದು ನನ್ನ ಈಗಿನ ಸಿದ್ಧಾಂತ. ಅದನ್ನು ಮಾತ್ರ ಯಾರಿಗೂ ಉಪದೇಶಿಸುವುದಿಲ್ಲ. ಕುಂಬಳಕಾಯಿ ಒಡೆದು, ಮಂಗಳಾರತಿ ಮಾಡಿದೆವು. ಹೆಂಡತಿ ಬುಂದಿ ಹಂಚಿದಳು. ಭಾವ ಎರಡು ಸಲ ಇಸಕೊಂಡರು.

ಹನ್ನೆರಡರ ಹೊತ್ತಿಗೆ ಅಕ್ಕ ಬಂದಳು. ಹಾಸ್ಟೆಲಿಗೆ ಹಬ್ಬದ ರಜೆ, ಹುಡುಗಿಯರನ್ನೆಲ್ಲ ಬಸ್ಸು ಹತ್ತಿಸಿ, ಬಾಗಿಲುಗಳಿಗೆ ಬೀಗ ಹಾಕಿ ಬಂದಿದ್ದಳು. ಕೈಚೀಲದಿಂದ ಆ ಹಳೆಯ ಲ್ಯಾಪ್‌ಟಾಪನ್ನು ತೆಗೆದು ನನ್ನ ಮುಂದಿನ ಮೇಜಿನ ಮೇಲಿಟ್ಟಳು.

"ಹಚ್ಚು."

"ನಾನಾ?" ಎಂದೆ.

"ಮತ್ಯಾರು?"

ಭಾವ ಪೈಪಿನ ಕಟ್ಟಿನ ಮೇಲಿಂದ ಎದ್ದು ಹತ್ತಿರ ಬಂದರು. ನಾನು ಬಟ್ಟಲಿಗೆ ಮೂರು ಬೆರಳು ಅದ್ದಿದೆ. ಅಕ್ಕ ತನ್ನ ಹೆಬ್ಬೆರಳನ್ನು ಆ ಸಣ್ಣ ಗುಂಡಿಯ ಮೇಲೆ ಒತ್ತಿ ಹಿಡಿದುಕೊಂಡಳು. ನಾನು ಮುಚ್ಚಳದ ಮೇಲೆ, ಎಡದಿಂದ ಬಲಕ್ಕೆ, ಮೂರು ಗೆರೆ ಎಳೆದೆ.